ಗಟ್ಟಿಯಾಗಿ ಓದಿದ ವರ್ಷ

ಓದಿದ ಪುಸ್ತಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನಗೆ ಮೊದಲಿಂದಲೂ ಇದೆ. ಪುಸ್ತಕದ ಹೆಸರು, ತಿಂಗಳು, ಎಲ್ಲಿ ಕೂತು ಓದಿದ್ದು, ಆಮೇಲೆ ನನ್ನದೇ ಮಾತಿನಲ್ಲಿ ಒಂದು ಸಾಲು. ಕಥೆಯ ಸಾರಾಂಶ ಬರೆಯುವುದಿಲ್ಲ, ಅದು ಬೆನ್ನುಪುಟದಲ್ಲೇ ಇರುತ್ತೆ. ಕಳೆದ ಮಳೆಗಾಲದಲ್ಲಿ ಇನ್ನೊಂದು ಕಾಲಂ ಎಳೆದೆ: ‘ಯಾರ ಜೊತೆ’.

ಈಗ ಮತ್ತೊಂದು ಮಳೆಗಾಲ ಬಂದಿದೆ. ನೋಟ್‌ಬುಕ್ ತಿರುವಿ ಹಾಕಿದೆ. ಒಬ್ಬಳೇ ಓದಿದ್ದರ ಪಟ್ಟಿ ಉದ್ದ ಇದೆ. ಶಿವಮೊಗ್ಗದ ಬಸ್ಸಿನಲ್ಲಿ ಓದಿದ್ದು, ಮಧ್ಯಾಹ್ನ ಊಟದ ಮೇಲೆ ಓದಿದ್ದು, ನಿದ್ದೆ ಬರಲಿ ಅಂತ ಓದಿದ್ದು. ಅವುಗಳಲ್ಲಿ ಒಳ್ಳೆಯ ಪುಸ್ತಕಗಳೂ ಇವೆ. ಆದರೆ ನೋಟ್‌ಬುಕ್ ನೋಡದೆ, ಪಾತ್ರ, ಜಾಗ, ಮಾತು ಸಮೇತ ಹೇಳಬಲ್ಲೆ ಅನ್ನುವಂಥವು ಮೂರೇ. ಮೂರನ್ನೂ ಓದಿದ್ದು ಗಟ್ಟಿಯಾಗಿ, ಬೇರೆಯವರ ಕಿವಿಗೆ ಬೀಳುವ ಹಾಗೆ.

ಇದು ಶುರುವಾಗಿದ್ದು ಅತ್ತೆಗೋಸ್ಕರ. ನಮ್ಮದು ತೀರ್ಥಹಳ್ಳಿ ಕಡೆ, ಸಣ್ಣ ಅಡಿಕೆ ತೋಟ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶುಗರ್ ಹತೋಟಿಗೆ ಬರುವವರೆಗೆ ಆಪರೇಷನ್ ಬೇಡ ಅಂದಿದ್ದರು ಡಾಕ್ಟರು. ವಾರಪತ್ರಿಕೆಯ ಧಾರಾವಾಹಿ ಒಂದೂ ಬಿಡದೆ ಓದುತ್ತಿದ್ದವರು ಸುಮ್ನೆ ಜಗಲಿಯಲ್ಲಿ ಕೂತಿರುವುದನ್ನು ನೋಡಲು ನನಗಾಗಲಿಲ್ಲ.

ಮೊದಲು ಎತ್ತಿಕೊಂಡಿದ್ದು ನಾ. ಡಿಸೋಜರ ‘ದ್ವೀಪ’. ಆಷಾಢದ ಮಳೆ, ಕರೆಂಟ್ ಇಲ್ಲ, ಚಾರ್ಜಿಂಗ್ ಲೈಟಿನ ಬೆಳಕು. ಚಿಕ್ಕ ಕಾದಂಬರಿ. ಶರಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ನೀರು ಏರುತ್ತಾ ಬಂದು ಗಣಪಯ್ಯ, ನಾಗವೇಣಿಯರ ಮನೆ ಇರುವ ಗುಡ್ಡ ದ್ವೀಪವಾಗುವ ಕಥೆ. ಇದನ್ನೇ ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಸಿನಿಮಾ ನಾನು ಮೊದಲೇ ನೋಡಿದ್ದೆ. ಹಾಗಾಗಿ ಹೊಸದೇನೂ ಸಿಗಲಿಕ್ಕಿಲ್ಲ ಅಂದುಕೊಂಡೇ ಕೂತೆ.

ಎರಡನೇ ದಿನ ಪಕ್ಕದ ಮನೆಯ ಅಜ್ಜ ಬಂದರು. ಅವರು ಮುಳುಗಡೆಯವರು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಹೊತ್ತಿಗೆ ಊರು ಬಿಟ್ಟು ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅಜ್ಜ ಆಗ ಸಣ್ಣ ಹುಡುಗ. ಅವರು ಬಾಗಿಲ ಹತ್ತಿರ, ಕಂಬಕ್ಕೆ ಒರಗಿ ಕೂತರು. ನೀರು ತೋಟದೊಳಗೆ ಬರುವ ಪುಟ ಓದುತ್ತಿದ್ದೆ. ‘ತಂಗಿ, ಅದನ್ನ ಇನ್ನೊಂದು ಸಲ ಓದು’ ಅಂದರು. ಓದಿದೆ. ‘ನಮ್ಮ ಮರದಾಗೆ ಹಸಿ ಅಡಿಕೆ ಕೊನೆ ಹಾಂಗೇ ಇತ್ತು. ತೆಗೆಯೋಕೆ ಬಿಡಲಿಲ್ಲ’ ಅಂದರು. ಇಷ್ಟು ವರ್ಷ ಪಕ್ಕದಲ್ಲೇ ಇದ್ದವರು, ನಮಗೆ ಈ ಮಾತು ಹೇಳಿದ್ದು ಅವತ್ತೇ. ‘ಯಾರ ಜೊತೆ’ ಅನ್ನುವ ಕಾಲಂ ಎಳೆದದ್ದು ಆ ರಾತ್ರಿ.

ಎರಡನೆಯದು ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ, ಮೂಡಿಗೆರೆ ಕಡೆಯ ಕಥೆ, ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವವರ ಕಥೆ. ಇದನ್ನು ಓದಿದ್ದು ರಜೆಗೆ ಬಂದಿದ್ದ ಮಕ್ಕಳಿಗೆ, ಅತ್ತೆ ಹೇಗೂ ಇದ್ದೇ ಇದ್ದರು. ಮಂದಣ್ಣ ಬಂದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆಮೇಲೆ ನಡೆದದ್ದು. ಹಾರುವ ಓತಿ ನಮ್ಮ ಅಡಿಕೆ ಮರಗಳಲ್ಲೇ ಇದೆ! ಮಕ್ಕಳು ಎರಡು ದಿನ ಕತ್ತೆತ್ತಿಕೊಂಡು ತೋಟ ಸುತ್ತಿದರು. ಮರದ ಬಣ್ಣವೇ ಅದರ ಬಣ್ಣ, ಅಲ್ಲಾಡದಿದ್ದರೆ ಗೊತ್ತೇ ಆಗಲ್ಲ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಪಟಪಟ ಬಿಚ್ಚಿ ಮುಚ್ಚಿತಲ್ಲ, ಆಗ ಸಿಕ್ಕಿಬಿತ್ತು. ಪಕ್ಕೆಲುಬಿನ ಮೇಲಿನ ಚರ್ಮ ಅಗಲಿಸಿಕೊಂಡು ಆಚೆ ಮರಕ್ಕೆ ತೇಲಿಹೋಗುವುದನ್ನೂ ನೋಡಿದೆವು. ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗಾರನಿಗೆ ತೋರಿಸಿದರೆ, ‘ಇದಾ? ದಿನಾ ಕಾಣ್ತದಲ್ಲ’ ಅಂದ.

ಮೂರನೆಯದರ ಬಗ್ಗೆ ಎಷ್ಟು ಬರೆದರೂ ಸಾಲದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದದ್ದು. ಒಬ್ಬಳೇ ಓದಲು ಹಿಂದೆಯೂ ಕೂತಿದ್ದೆ, ಮುಗಿಸಿರಲಿಲ್ಲ. ಅಷ್ಟು ಮನೆ, ಅಷ್ಟು ಹೆಸರು, ಯಾರು ಯಾವ ಮನೆಯವರು ಅಂತ ನೆನಪಿಟ್ಟುಕೊಳ್ಳುವುದು ಕಷ್ಟ. ಈ ಸಲ ಕೊಯ್ಲಿನ ಕಾಲದಲ್ಲಿ ಹಿಡಿದೆ. ಈಗ ಎಲ್ಲ ಕಡೆ ಅಡಿಕೆ ಸುಲಿಯುವ ಮಷಿನ್ ಬಂದಿದೆ, ನಮ್ಮಲ್ಲಿ ಇನ್ನೂ ಕೈಯಲ್ಲೇ ಸುಲಿಯುವ ಮೆಟ್ಟುಗತ್ತಿಯೇ. ಹಸಿ ಅಡಿಕೆ ಕೊಯ್ದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ, ಸುಲಿದು ಬೇಯಿಸಬೇಕು. ಹಾಗಾಗಿ ರಾತ್ರಿಯವರೆಗೂ ಚಪ್ಪರದ ಕೆಳಗೆ ಸುಲಿತ ನಡೆಯುತ್ತೆ. ಕೈಗೆ ಕೆಲಸ, ಕಿವಿ ಖಾಲಿ.

ಒಂದು ಸಂಜೆಗೆ ಹತ್ತು ಪುಟದಷ್ಟು ಆಗುತ್ತಿತ್ತು. ಪುಟ ಎಣಿಸಿ ನಿಲ್ಲಿಸುತ್ತಿರಲಿಲ್ಲ, ಒಂದು ಸಂದರ್ಭ ಮುಗಿದ ಕಡೆ ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಮರುದಿನ ‘ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?’ ಅಂತ ಕೇಳಿಯೇ ಶುರು ಮಾಡುವುದು. ಈ ಪ್ರಶ್ನೆ ಬಹಳ ಮುಖ್ಯ. ಸುಲಿಯುವವರು ಹಿಂದಿನ ದಿನದ್ದನ್ನೆಲ್ಲ ಹೇಳುತ್ತಿದ್ದರು, ನಾನು ಗಮನಿಸದೇ ಇದ್ದದ್ದನ್ನೂ ಸೇರಿಸಿ. ಯಾವ ಹೆಗ್ಗಡೆ ಯಾರಿಗೆ ಏನಾಗಬೇಕು ಅಂತ ನಾನು ಹಾಳೆಯಲ್ಲಿ ಬರೆದುಕೊಳ್ಳಬೇಕಿತ್ತು. ಅವರಿಗೆ ಅದೇನೂ ಬೇಕಾಗಲಿಲ್ಲ. ನಂಟಸ್ತನ ಲೆಕ್ಕ ಹಾಕುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ಕಾಡಿನ ವರ್ಣನೆ ಉದ್ದ ಬಂದಾಗ, ‘ಇದನ್ನ ಬಿಡಲಾ?’ ಅಂತ ಕೇಳಿದೆ. ‘ಬಿಡಬೇಡ, ಅದು ನಮ್ಮ ಗುಡ್ಡವೇ ಅಲ್ವಾ’ ಅಂದರು ಅತ್ತೆ. ಮೇಗರವಳ್ಳಿ ಹೆಸರು ಬಂದ ಕೂಡಲೇ ಒಬ್ಬಾಕೆ, ‘ನಮ್ಮ ಅಕ್ಕನ್ನ ಕೊಟ್ಟಿದ್ದು ಅಲ್ಲೇ’ ಅಂದರು. ಮಾತುಕತೆಯ ಭಾಗ ಓದುವಾಗ ನನ್ನ ರಾಗ ಸರಿ ಇಲ್ಲದಿದ್ದರೆ ಅತ್ತೆ ತಿದ್ದುತ್ತಿದ್ದರು: ‘ಹಾಂಗಲ್ಲ ಮಾರಾಯ್ತಿ, ಸಿಟ್ಟಲ್ಲಿ ಹೇಳ್ತಿರೋದು ಅದು.’ ಕಣ್ಣಲ್ಲಿ ಓದಿದರೆ ಸಿಟ್ಟು, ಸಲಿಗೆ ಎರಡೂ ಒಂದೇ ಥರ ಕಾಣುತ್ತೆ. ಬಾಯಲ್ಲಿ ಹೇಳಿದಾಗ ಯಾವುದು ಯಾವುದು ಅಂತ ತೀರ್ಮಾನ ಮಾಡಲೇಬೇಕು. ಓದು ನೆನಪಲ್ಲಿ ನಿಲ್ಲುವುದು ಇದರಿಂದಲೇ ಅಂತ ನನಗೆ ಈಗ ಅನಿಸುತ್ತೆ.

ಕಾದಂಬರಿಯಲ್ಲಿ ಎಲ್ಲರಿಗೂ ಹತ್ತಿರವಾದದ್ದು ಗುತ್ತಿ ಅನ್ನುವವನ ನಾಯಿ, ಹುಲಿಯ. ಒಂದೆರಡು ದಿನ ಅದರ ಸುದ್ದಿ ಬರದಿದ್ದರೆ ‘ಹುಲಿಯ ಎಲ್ಲಿ?’ ಅಂತ ಕೇಳುತ್ತಿದ್ದರು. ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಅದು ಕೊಚ್ಚಿಹೋಗುತ್ತದೆ. ನನಗೆ ಮುಂದೆ ಓದಲು ಆಗಲಿಲ್ಲ, ಗಂಟಲು ಕಟ್ಟಿತು. ಮರುದಿನ ದೊಡ್ಡ ವಾದವೇ ಆಯಿತು. ಗುತ್ತಿ ಹೇಗಾದರೂ ಅದನ್ನು ಉಳಿಸಬೇಕಿತ್ತು ಅಂತ ಒಬ್ಬರು. ಅಂಥಾ ಹೊಳೆಯಲ್ಲಿ ಅವನೇನು ಮಾಡಲು ಸಾಧ್ಯ ಅಂತ ಇನ್ನೊಬ್ಬರು. ಒಬ್ಬಾಕೆ ನೆರೆ ಬಂದಾಗ ತಮ್ಮ ಕರು ಹೋದ ಕಥೆ ಹೇಳಿದರು. ಆ ಸಂಜೆ ಪುಸ್ತಕ ತೆರೆಯಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ ಕರುವಿನ ಕಥೆಯನ್ನೇ ಬರೆದಿದ್ದೇನೆ.

ವರ್ಷಕ್ಕೆ ಇಷ್ಟು ಪುಸ್ತಕ ಓದುತ್ತೇನೆ ಅಂತ ಗುರಿ ಇಟ್ಟುಕೊಳ್ಳುವವರು ಇದ್ದಾರೆ, ಅದರಿಂದ ಓದು ಶುರುವಾಗುವುದಾದರೆ ಒಳ್ಳೆಯದೇ. ನನಗೆ ಮಾತ್ರ ಆ ಲೆಕ್ಕದ ಆಸೆ ಹೋಗಿದೆ. ಬಸ್ಸಿನ ಓದು ಬಿಡುವುದಿಲ್ಲ, ಆದರೆ ಮನೆಯಲ್ಲಿ ಕಿವಿಗಳಿರುವಾಗ ಮೌನವಾಗಿ ಓದಲು ಮನಸ್ಸು ಬರುತ್ತಿಲ್ಲ.

ಅತ್ತೆಗೆ ಒಂದು ಕಣ್ಣಿನ ಆಪರೇಷನ್ ಆಗಿದೆ. ಪೇಪರಿನ ದೊಡ್ಡ ಅಕ್ಷರ ಓದುತ್ತಾರೆ. ಆದರೂ ಈ ಸಲದ ಸುಲಿತಕ್ಕೆ ಯಾವುದು ಅಂತ ಈಗಲೇ ಕೇಳುತ್ತಿದ್ದಾರೆ. 1936ರ ‘ಕಾನೂರು ಹೆಗ್ಗಡಿತಿ’ ಅಂದುಕೊಂಡಿದ್ದೇನೆ. ಮನೆಯಲ್ಲಿರುವ ಪ್ರತಿಯ ಅಕ್ಷರ ಸಣ್ಣದು, ಚಪ್ಪರದ ಬಲ್ಬಿಗೆ ಕಾಣುವುದಿಲ್ಲ. ಮುಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ದೊಡ್ಡ ಅಕ್ಷರದ್ದು ಸಿಗುತ್ತಾ ಅಂತ ವಿಚಾರಿಸಬೇಕು.