ಅಗಲ ಪಾದ, ಕಾಂಕ್ರೀಟ್ ರಸ್ತೆ, ಒಂದು ನಂಬರ್ ದೊಡ್ಡ ಶೂ

ಶೂ ಒಂದು ನಂಬರ್ ದೊಡ್ಡದಿರಬೇಕು, ಓಟ ಮಾತಾಡುವಷ್ಟು ನಿಧಾನವಿರಬೇಕು. ಈ ಎರಡನ್ನು ಹಿಡಿದುಕೊಂಡು ನಲವತ್ತೈದು ದಾಟಿದ ಮೇಲೆ ಓಟ ಆರಂಭಿಸಿದ ನಾನು ಈಗ ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಹತ್ತು ಕಿಲೋಮೀಟರ್ ಓಡಿ, ಯಾವ ನೋವೂ ಇಲ್ಲದೆ ಅದೇ ದಿನ ಕಚೇರಿಯ ಕೆಲಸ ಮಾಡುತ್ತೇನೆ. ಮಂಗಳಾ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಸೇರುವ ನಮ್ಮ ಬಳಗದಲ್ಲಿ ಆರಂಭದಲ್ಲಿ ಇದನ್ನು ಒಪ್ಪಿದವರು ಯಾರೂ ಇರಲಿಲ್ಲ. "ದೊಡ್ಡ ಶೂ ಹಾಕಿದರೆ ಎಡವಿ ಬೀಳುತ್ತೀರಿ ಮಾರಾಯ್ರೆ" ಎಂದರು ಕೆಲವರು. ಇಷ್ಟು ನಿಧಾನವಾಗಿ ಓಡುವುದಕ್ಕಿಂತ ಬಿರುಸಾಗಿ ನಡೆಯುವುದೇ ಮೇಲು ಎಂದರು ಉಳಿದವರು. ಹಾಗೆ ಹೇಳಿದವರ ಪೈಕಿ ಇಬ್ಬರು ಮೂವರು ಈಗ ನನ್ನಿಂದಲೇ ಪಾದದ ಅಳತೆ ತೆಗೆಸಿಕೊಂಡು ಶೂ ಕೊಂಡಿರುವುದರಿಂದ, ಉಳಿದ ಓಟಗಾರರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣದ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ಜೊತೆ ಶೂ ನಗರದ ಒಂದು ದೊಡ್ಡ ಅಂಗಡಿಯದು. ಬೆಲೆ ಸುಮಾರು ಒಂಬತ್ತು ಸಾವಿರ. ಅಲ್ಲಿ ನನ್ನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಪಾದ ಚಪ್ಪಟೆಯಾಗಿದೆ ಎಂದು ಹೇಳಿ, ಅದರ ಜೊತೆಗೆ ಎರಡೂವರೆ ಸಾವಿರದ ಇನ್‌ಸೋಲನ್ನೂ (ಶೂನ ಒಳಗೆ ಪಾದದಡಿ ಹಾಸುವ ಪದರ) ಕೊಡಿಸಿದರು. ಪಾದದ ಅಗಲವನ್ನು ಮಾತ್ರ ಯಾರೂ ಅಳೆಯಲಿಲ್ಲ. ಕದ್ರಿ ಗುಡ್ಡದಿಂದ ಇಳಿಯುವ ರಸ್ತೆಯಲ್ಲಿ ಕೆಲವೇ ವಾರ ಓಡುವಷ್ಟರಲ್ಲಿ ಎರಡೂ ಹೆಬ್ಬೆರಳುಗಳ ಉಗುರು ಕಪ್ಪಾಯಿತು, ಕಿರುಬೆರಳಿನ ಹೊರಮೈಯಲ್ಲಿ ನೀರಿನ ಗುಳ್ಳೆ ಎದ್ದಿತು. ಇನ್‌ಸೋಲ್ ದಪ್ಪವಾಗಿದ್ದುದರಿಂದ ಮೊದಲೇ ಇಕ್ಕಟ್ಟಾಗಿದ್ದ ಶೂ ಇನ್ನಷ್ಟು ಇಕ್ಕಟ್ಟಾಗಿತ್ತು. ಆ ಶೂನಲ್ಲಿ ಓಡಿದ್ದು ನೂರೈವತ್ತು ಕಿಲೋಮೀಟರ್ ಇರಬಹುದು, ಅಂದರೆ ಇನ್‌ಸೋಲ್ ಬಿಟ್ಟು ಲೆಕ್ಕ ಹಾಕಿದರೂ ಕಿಲೋಮೀಟರಿಗೆ ಅರವತ್ತು ರೂಪಾಯಿ. ಎರಡನೆಯದು ಆನ್‌ಲೈನ್ ರಿಯಾಯಿತಿಯಲ್ಲಿ ಬಂದದ್ದು. ಯುಎಸ್ ಅಳತೆಯ ಒಂಬತ್ತನ್ನು ಯುಕೆ ಅಳತೆಯ ಒಂಬತ್ತು ಎಂಬಂತೆ ಮಾರಿದ್ದರು; ಇವೆರಡರ ನಡುವೆ ಗಂಡಸರ ಶೂಗಳಲ್ಲಿ ಸಾಮಾನ್ಯವಾಗಿ ಒಂದು ನಂಬರ್ ವ್ಯತ್ಯಾಸವಿರುತ್ತದೆ. ಮರಳಿಸುವ ಅವಧಿ ಮುಗಿದಿತ್ತು, ಹಾಗಾಗಿ ಆ ನಾಲ್ಕು ಸಾವಿರವೂ ಹೋಯಿತು. ಮೂರನೆಯ ಜೊತೆಯ ಮುಂಭಾಗ ಅಗಲವಾಗಿಯೇ ಇತ್ತು, ಆದರೆ ಸೋಲ್ ಅತಿ ಮೆತ್ತಗಿದ್ದು ಹಿಮ್ಮಡಿ ಅತ್ತಿತ್ತ ವಾಲುತ್ತಿತ್ತು.

ಇಷ್ಟಾದ ಮೇಲೆ ಶೂವನ್ನು ಬಿಟ್ಟು ಪಾದವನ್ನೇ ಅಳೆಯತೊಡಗಿದೆ. ಸಂಜೆಯ ಹೊತ್ತಿಗೆ, ಅದರಲ್ಲೂ ಅರ್ಧ ಗಂಟೆ ನಡೆದು ಬಂದ ಮೇಲೆ, ಪಾದ ಊದಿಕೊಂಡಿರುತ್ತದೆ. ಓಡುವಾಗಿನ ಪಾದಕ್ಕೆ ಹತ್ತಿರದ ಅಳತೆ ಸಿಗುವುದು ಆಗಲೇ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಮನೆಯವರ ಕೈಯಿಂದ ಸುತ್ತ ಗೆರೆ ಎಳೆಸಬೇಕು. ನಾವೇ ಬಗ್ಗಿ ಎಳೆದರೆ ಭಾರ ಮುಂದಕ್ಕೆ ಹೋಗಿ ಅಳತೆ ಕೆಡುತ್ತದೆ. ನನ್ನ ಬಲಪಾದ ಇಪ್ಪತ್ತೇಳು ಸೆಂಟಿಮೀಟರಿಗೆ ತುಸು ಕಡಿಮೆ, ಎಡಪಾದ ಅದಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಉದ್ದ. ಅಗಲ ಹತ್ತಿರ ಹತ್ತಿರ ಹನ್ನೊಂದು ಸೆಂಟಿಮೀಟರ್. ದೊಡ್ಡ ಪಾದದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕಚೇರಿಗೆ ಎಂಟು ನಂಬರ್ ಶೂ ಹಾಕುವ ನಾನು ಓಟಕ್ಕೆ ಒಂಬತ್ತು ನಂಬರ್ ತೆಗೆದುಕೊಂಡದ್ದು ಹೀಗೆ, ಅದೂ ಟೂ-ಇ ಎಂದು ಗುರುತು ಹಾಕಿರುವ ಅಗಲದ್ದು. ಗಂಡಸರ ಸಾಮಾನ್ಯ ಅಗಲಕ್ಕೆ ಡಿ ಎಂಬ ಗುರುತಿರುತ್ತದೆ.

ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಸರಳ. ಶೂನ ಒಳಗಿನ ಇನ್‌ಸೋಲನ್ನು ಹೊರತೆಗೆದು ನೆಲಕ್ಕಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲುತ್ತೇನೆ. ಕಿರುಬೆರಳು ಅಂಚಿನಿಂದ ಆಚೆ ಇಳಿದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ಶೂ ಬೇಡ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಕೆಲವರಿಗೆ ಉದ್ದದ ಬೆರಳು ಎರಡನೆಯದು ಎಂಬುದನ್ನು ಮಾರುವವರು ಗಮನಿಸುವುದಿಲ್ಲ. ಎಡವುವ ಭಯಕ್ಕೂ ಇಲ್ಲಿಯೇ ಉತ್ತರವಿದೆ. ಹಿಮ್ಮಡಿ ಬಿಗಿಯಾಗಿ ಕುಳಿತಿದ್ದರೆ ಮುಂದಿನ ಜಾಗದಿಂದ ಯಾರೂ ಎಡವುವುದಿಲ್ಲ, ಮತ್ತು ಹಿಮ್ಮಡಿಯನ್ನು ಕೂರಿಸುವುದು ಲೇಸಿನ ಕೆಲಸ. ಕಣಕಾಲಿನ ಬಳಿಯ ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ ಬಿಗಿಯುವ ಕ್ರಮವನ್ನು ಎಲ್ಲರೂ ಬಲ್ಲರು. ನಾನು ಇಳಿಜಾರಿಗೆಂದು ಅದಕ್ಕೆ ಇನ್ನೊಂದು ಸುತ್ತು ಸೇರಿಸುತ್ತೇನೆ. ಅದನ್ನು ನನ್ನ ಜೊತೆ ಕದ್ರಿಯಲ್ಲಿ ಓಡಲು ಬಂದವರಿಗೆ ಮಾತ್ರ ತೋರಿಸಿಕೊಡುತ್ತೇನೆ.

ಹೀಗೆ ಕೊನೆಗೆ ಸಿಕ್ಕಿದ್ದು ಹಿಂದಿನ ವರ್ಷದ ಮಾಡೆಲಿನ ಒಂದು ಶೂ, ಸುಮಾರು ಐದು ಸಾವಿರಕ್ಕೆ. ಅದು ಏಳುನೂರು ಕಿಲೋಮೀಟರಿನ ತನಕ ಬಾಳಿತು, ಅಂದರೆ ಕಿಲೋಮೀಟರಿಗೆ ಏಳು ರೂಪಾಯಿ. ಉಗುರುಗಳು ಪೂರ್ತಿ ಹೊಸದಾಗಿ ಬೆಳೆದವು, ಮತ್ತೆ ಕಪ್ಪಾಗಲಿಲ್ಲ.

ಓಟದ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ, ವಾರಕ್ಕೆ ಮೂರು ದಿನ. ಮೀನಖಂಡ ಮತ್ತು ಮುಂಗಾಲಿನ ಎಲುಬು ತಕರಾರು ಮಾಡದಿದ್ದರೆ ಮಾತ್ರ ಮುಂದಿನ ವಾರ ಓಟದ ಪಾಲು ಹೆಚ್ಚುತ್ತದೆ. ವೇಗ ಅಳೆಯಲು ಗಡಿಯಾರವನ್ನು ನೋಡದೆ ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ನಡುವೆ ಉಸಿರು ಕಟ್ಟಿದರೆ ವೇಗ ಹೆಚ್ಚಾಗಿದೆ ಎಂದರ್ಥ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದೇ ವೇಗಕ್ಕೆ ಮಗ್ಗಿ ಅರ್ಧಕ್ಕೇ ನಿಲ್ಲುತ್ತದೆ. ಗಾಳಿಯಲ್ಲಿ ನೀರಿನಂಶ ತುಂಬಿರುವ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಒಮ್ಮೆ ಒಂದು ಗಂಟೆಯ ಓಟದ ಮೊದಲೂ ನಂತರವೂ ತೂಕ ನೋಡಿದಾಗ ಒಂದು ಕಿಲೋಗಿಂತ ಹೆಚ್ಚೇ ಇಳಿದಿತ್ತು. ಅಂದಿನಿಂದ ಓಡಿ ಬಂದ ಕೂಡಲೇ ಉಪ್ಪು ಹಾಕಿದ ಗಂಜಿತಿಳಿ ದೊಡ್ಡ ಲೋಟದಲ್ಲಿ ಕುಡಿಯುತ್ತೇನೆ. ದಾರಿಯಲ್ಲಿ ಬೊಂಡ (ಎಳನೀರು) ಸಿಕ್ಕಿದರೆ ಅದೂ ಆದೀತು.

ಶೂ ಯಾಕೆ ಬೇಕು, ಕಂಬಳದವರು ಬರಿಗಾಲಲ್ಲಿ ಓಡುವುದಿಲ್ಲವೇ ಎಂದು ನಮ್ಮ ಭಾವ ಪ್ರತಿ ಸಲ ಕೇಳುತ್ತಾರೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ್ದು ನಮ್ಮ ನಾಡಿಗೇ ಹೆಮ್ಮೆ. ಆದರೆ ಕಂಬಳದ ಕರೆಯಲ್ಲಿ, ಅಂದರೆ ಕೋಣ ಓಡಿಸುವ ಗದ್ದೆಯಲ್ಲಿ, ಇರುವುದು ಮೆತ್ತನೆಯ ಕೆಸರು, ನನ್ನ ಕಾಲಿನ ಕೆಳಗಿರುವುದು ಗಟ್ಟಿ ಕಾಂಕ್ರೀಟ್. ಆದರೂ ಪ್ರಯೋಗ ಮಾಡದೆ ಬಿಡಲಿಲ್ಲ. ತಣ್ಣೀರುಬಾವಿ ಮತ್ತು ಪಣಂಬೂರಿನ ಕಡಲತೀರಗಳಲ್ಲಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಒದ್ದೆ ಮರಳಿನ ಮೇಲೆ, ಬರಿಗಾಲಲ್ಲಿ ಕೆಲವು ತಿಂಗಳು ಓಡಿದೆ. ತೀರವು ಕಡಲಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ, ಆದ್ದರಿಂದ ಹೋದಷ್ಟೇ ದೂರ ಅದೇ ದಾರಿಯಲ್ಲಿ ಹಿಂದಿರುಗಬೇಕು. ಇಳಿತದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುವುದರಿಂದ ಕಚೇರಿಗೆ ಹೋಗುವವರಿಗೆ ಇದು ನಿತ್ಯದ ಕ್ರಮವಾಗಲಾರದು. ಪಾದದ ಸಣ್ಣ ಸ್ನಾಯುಗಳು ಬಲಗೊಂಡದ್ದಂತೂ ಹೌದು. ಈಗಲೂ ವಾರಕ್ಕೊಮ್ಮೆ ಹತ್ತು ನಿಮಿಷ ಬರಿಗಾಲಲ್ಲಿ ಓಡುತ್ತೇನೆ. ಶೂ ಹಾಕಿಕೊಂಡು ಮಾತ್ರ ಮರಳಿಗೆ ಇಳಿಯಬೇಡಿ. ಉಪ್ಪುನೀರು ಮತ್ತು ಹೊಯಿಗೆ ಸೇರಿ ಶೂನ ಮೇಲ್ಬಟ್ಟೆಯನ್ನೂ ಅಂಟನ್ನೂ ಬೇಗ ಕೆಡಿಸುತ್ತವೆ.

ಜೂನ್ ಬಂದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಒಂದೇ ಜೊತೆ ಇದ್ದರೆ ಅದು ಒಣಗುವುದೇ ಇಲ್ಲ, ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಬಚ್ಚಲೊಲೆಯ ಬಳಿ ಇಟ್ಟ ಒಂದು ಜೊತೆಯ ಸೋಲ್ ಬಿಸಿಗೆ ಬಾಯಿ ಬಿಟ್ಟಿತು. ಈಗ ಇನ್‌ಸೋಲನ್ನೂ ಲೇಸನ್ನೂ ಬೇರೆ ಮಾಡಿ, ಶೂನ ಮೂತಿಯವರೆಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ, ಗಂಟೆಯೊಳಗೆ ಆ ಹಾಳೆ ತೆಗೆದು ಬೇರೆ ಹಾಕಿ, ಆಮೇಲೆ ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡುತ್ತೇನೆ. ಮೊದಲ ಸಲ ತೆಗೆದ ಹಾಳೆಯನ್ನು ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಎರಡನೆಯದು ಬರೀ ತೇವವಾಗಿರುತ್ತದೆ. ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಬಳಸುವುದರಿಂದ ಖರ್ಚು ಇಮ್ಮಡಿಯಾಗುವುದಿಲ್ಲ, ಎರಡೂ ಅಷ್ಟೇ ಹೆಚ್ಚು ತಿಂಗಳು ಬಾಳುತ್ತವೆ. ಮಳೆಯಲ್ಲಿ ಪಾಚಿ ಹಿಡಿದ ಇಂಟರ್‌ಲಾಕ್ ಕಾಲುದಾರಿಯನ್ನು ಬಿಟ್ಟು ರಸ್ತೆಯಲ್ಲೇ, ವಾಹನಗಳಿಗೆ ಮುಖಮಾಡಿ ಓಡುತ್ತೇನೆ. ಕಾಂಕ್ರೀಟಿನ ಅಂಚು ಪಕ್ಕದ ಮಣ್ಣಿಗಿಂತ ಅರ್ಧ ಅಡಿ ಎತ್ತರವಿರುವ ಕಡೆಗಳಲ್ಲಿ, ನೀರು ನಿಂತಾಗ ಆ ಅಂಚು ಕಾಣುವುದಿಲ್ಲ; ಪಾದ ಉಳುಕುವುದು ಅಲ್ಲಿಯೇ.

ಶೂ ಬದಲಿಸುವ ಹೊತ್ತನ್ನು ಸೋಲಿನ ಸವೆತದಿಂದ ಮಾತ್ರ ತಿಳಿಯಲಾಗದು. ಪಕ್ಕದಿಂದ ನೋಡಿದಾಗ ಫೋಮಿನಲ್ಲಿ ಅಡ್ಡ ಸುಕ್ಕುಗಳು ಮೂಡಿ, ಹೆಬ್ಬೆರಳಿನಿಂದ ಒತ್ತಿದರೆ ಅದು ಮೊದಲಿನಂತೆ ಮೇಲೇಳದಿದ್ದರೆ ಆ ಜೊತೆಯನ್ನು ಮಾರುಕಟ್ಟೆಗೆ ಹೋಗಲು ಇಟ್ಟುಕೊಳ್ಳುತ್ತೇನೆ. ಹೊಸದು ಕೊಳ್ಳುವಾಗ ಅದೇ ಹೆಸರಿನ ಮಾಡೆಲ್ ಎಂದು ನಂಬಿ ಕಣ್ಣುಮುಚ್ಚಿ ತರಿಸುವುದಿಲ್ಲ, ಏಕೆಂದರೆ ಆವೃತ್ತಿ ಬದಲಾದಾಗ ಕಂಪನಿಗಳು ಅಚ್ಚನ್ನೂ ಬದಲಿಸುವುದುಂಟು. ನನ್ನ ಶೂನ ಹೊಸ ಆವೃತ್ತಿಯ ಇನ್‌ಸೋಲ್ ಮೇಲೆ ನಿಂತಾಗ ಕಿರುಬೆರಳು ಅಂಚು ದಾಟಿತು, ಆದ್ದರಿಂದ ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ ಒಂಬತ್ತು ನಂಬರಿನ ಕೊನೆಯ ಜೊತೆಯನ್ನು ಮುಂದಿನ ಮಳೆಗಾಲಕ್ಕೆಂದು ಈಗಲೇ ತಂದಿಟ್ಟಿದ್ದೇನೆ.