ಹರಾಜಲ್ಲಿ ವಾರ್ಮ್‌ಬ್ಲಡ್ ಕುದುರೆ ತಗೊಳ್ಳೋದು ಹೇಗೆ? ಸವಾಲ್ ಕೂಗೋಕೆ ಮುಂಚೆ ಇಷ್ಟು ಮಾಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮಕ್ಕಳು ಬೆಂಗಳೂರಲ್ಲಿ ಓದ್ತಾ ಓದ್ತಾ ರೈಡಿಂಗ್ ಕಲಿತು ಡ್ರೆಸ್ಸಾಜ್ (ಸವಾರರ ಸನ್ನೆಗೆ ಕುದುರೆ ಗೊತ್ತಾದ ನಡೆಗಳನ್ನ ಮಾಡಿ ತೋರಿಸೋ ಸ್ಪರ್ಧೆ), ಜಂಪಿಂಗ್ ಅಂತ ಸೀರಿಯಸ್ಸಾಗಿ ಇಳಿದ್ರೆ, ಸ್ವಂತ ಕುದುರೆ ಬೇಕು ಅನ್ನೋ ಮಾತು ಮನೇಲಿ ಬಂದೇ ಬರತ್ತೆ. ಕ್ಲಬ್‌ಗಳಲ್ಲಿ ಸಿಗೋದು ಹೆಚ್ಚಾಗಿ ರೇಸ್ ಬಿಟ್ಟ ಥರೋಬ್ರೆಡ್, ಕಲಿಯೋಕೆ ಅದು ಒಳ್ಳೇದೇ. ಆದ್ರೆ ಈ ಆಟಕ್ಕೆ ಅಂತಾನೇ ತಲೆಮಾರುಗಳಿಂದ ತಳಿ ಮಾಡ್ಕೊಂಡು ಬಂದಿರೋದು ಯುರೋಪಿನ ವಾರ್ಮ್‌ಬ್ಲಡ್: ಹನೋವೇರಿಯನ್, ಓಲ್ಡನ್‌ಬರ್ಗ್, ಹೋಲ್‌ಸ್ಟೈನರ್, ಡಚ್ಚರ ಕೆಡಬ್ಲ್ಯುಪಿಎನ್. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸಲ್ಲಿ ಹತ್ತಿದ್ದೂ ಜರ್ಮನಿಯ ವಾರ್ಮ್‌ಬ್ಲಡ್ಡೇ. ಇಂಥವು ಮಾರಾಟ ಆಗೋ ಹೆಸರುವಾಸಿ ಜಾಗ ಅಂದ್ರೆ ಹನೋವೇರಿಯನ್‌ಗೆ ಜರ್ಮನಿಯ ಫೆರ್ಡನ್, ಓಲ್ಡನ್‌ಬರ್ಗ್‌ಗೆ ಫೆಕ್ಟಾ. ಈಗ ಆನ್‌ಲೈನ್ ಹರಾಜೂ ಜೋರಾಗಿದೆ.

ಮೊದಲು ವಯಸ್ಸು ತೀರ್ಮಾನ ಮಾಡಿ. ಮರಿ ಅಗ್ಗ ಅನ್ಸತ್ತೆ, ಆದ್ರೆ ಜೀನು ಹಾಕೋಕೇ ಸುಮಾರು ಮೂರು ವರ್ಷ ಕಾಯ್ಬೇಕು. ಮೂರು ನಾಲ್ಕು ವರ್ಷದ್ದು ಆಗ ತಾನೇ ಪಳಗಿರತ್ತೆ, ಅದನ್ನ ಕಲೀತಾ ಇರೋ ಹುಡುಗಿ ಕೈಗೆ ಕೊಟ್ರೆ ಇಬ್ರೂ ಹಾಳು. ಮನೇಲಿ ಗಟ್ಟಿ ಟ್ರೈನರ್ ಇಲ್ದಿದ್ರೆ ಕೆಲಸ ಕಲಿತ, ಎಂಟು ಹತ್ತು ವರ್ಷದ ಕುದುರೇನೇ ನೋಡಿ.

ಆಮೇಲೆ ಕ್ಯಾಟಲಾಗ್. ಎಲ್ರೂ ಅಪ್ಪನ ಹೆಸರು ನೋಡಿ ಮರುಳಾಗ್ತಾರೆ, ಡೊನ್ನರ್‌ಹಾಲ್ ವಂಶ, ಕಾರ್ನೆಟ್ ಒಬೊಲೆನ್ಸ್ಕಿ ವಂಶ ಅಂತ. ಕೃತಕ ಗರ್ಭಧಾರಣೆ ಇರೋದ್ರಿಂದ ಹೆಸರು ಮಾಡಿದ ಒಂದು ಗಂಡಿಗೆ ಒಂದೇ ವರ್ಷಕ್ಕೆ ನೂರಾರು ಮರಿ ಹುಟ್ಟಬಹುದು, ಅದ್ರಲ್ಲಿ ಎಲ್ಲಾನೂ ಚೆನ್ನಾಗಿರಲ್ಲ. ನಾನಂತೂ ತಾಯಿ ಕಡೆ ಓದಿ ಅಂತೀನಿ: ತಾಯಿ, ಅಜ್ಜಿ, ಅವುಗಳ ಬೇರೆ ಮಕ್ಕಳು ಎಷ್ಟು ಎತ್ತರ ಜಿಗಿದ್ವು, ಡ್ರೆಸ್ಸಾಜಲ್ಲಿ ಗ್ರಾಂಪ್ರಿ ಅನ್ನೋ ಎಲ್ಲಕ್ಕಿಂತ ಮೇಲಿನ ಹಂತದ ತನಕ ಹೋದ್ವಾ, ಅಣ್ಣ ತಮ್ಮಂದಿರಲ್ಲಿ ಎಷ್ಟು ಕುದುರೆ ಹದಿನೈದು ವರ್ಷ ಆದ್ಮೇಲೂ ಕುಂಟದೆ ಓಡ್ತಿವೆ. ಡಚ್ ಕುದುರೆ ಆದ್ರೆ ತಾಯಿ ಹೆಸರಿನ ಮುಂದೆ ಪ್ರಿಫರೆಂಟ್ ಅಂತ ಇದ್ಯಾ ನೋಡಿ, ಅದು ಹೆತ್ತ ಮಕ್ಕಳ ಗುಣ ನೋಡಿ ಕೊಡೋ ಬಿರುದು.

ಮೂರನೇದು ಡಾಕ್ಟರ್ ರಿಪೋರ್ಟ್, ಇಲ್ಲಿ ಎಷ್ಟು ಟೈಮ್ ಕೊಟ್ರೂ ಕಮ್ಮಿ. ಎಕ್ಸ್‌ರೇ ಹರಾಜಿಗೆ ಮುಂಚೆನೇ ಸಿಗತ್ತೆ. ಮುಂಚೆ ಜರ್ಮನಿಲಿ ಅದಕ್ಕೆ 1ರಿಂದ 4ರ ತನಕ ಗ್ರೇಡ್ ಹಾಕ್ತಿದ್ರು, 2018ರಲ್ಲಿ ಆ ಪದ್ಧತಿ ತೆಗೆದ್ರು, ಹಾಗಾಗಿ ನಂಬರ್ ನೋಡಿ ಸಮಾಧಾನ ಪಡೋ ಹಾಗಿಲ್ಲ, ಮಾರೋರ ಡಾಕ್ಟರ್ ಅಲ್ದೆ ನೀವೇ ಫೀಸ್ ಕೊಟ್ಟ ಕುದುರೆ ಡಾಕ್ಟರ್ ಹತ್ರ ಓದಿಸಿ. ಕೀಲಲ್ಲಿ ಎಲುಬಿನ ಚೂರು, ಬೆನ್ನುಮೂಳೆ ಒಂದಕ್ಕೊಂದು ತಾಗೋದು, ಮುಂಗಾಲಿನ ಗೊರಸಿನ ಒಳಗಿನ ನ್ಯಾವಿಕ್ಯುಲರ್ ಮೂಳೆ, ಇವನ್ನ ಬಿಡಿಸಿ ಕೇಳಿ. ಕಾಲು ಮಡಿಸಿ ಹಿಡ್ಕೊಂಡು ಬಿಟ್ಟ ತಕ್ಷಣ ಓಡಿಸಿ ನೋಡೋ ಟೆಸ್ಟ್ ರಿಸಲ್ಟೂ ಕೇಳಿ. ಹೆಣ್ಣು ತಗೊಂಡು ಮುಂದೆ ಮರಿ ಹಾಕಿಸೋ ಯೋಚನೆ ಇದ್ರೆ ಡಬ್ಲ್ಯುಎಫ್‌ಎಫ್‌ಎಸ್ (ವಾರ್ಮ್‌ಬ್ಲಡ್ ಮರಿಗಳಿಗೆ ವಂಶದಿಂದ ಬರೋ ಚರ್ಮದ ರೋಗ) ಜೀನ್ ಟೆಸ್ಟ್ ಬೇಕೇ ಬೇಕು. ತಂದೆ ತಾಯಿ ಎರಡರಲ್ಲೂ ಆ ಜೀನ್ ಇದ್ರೆ ನಾಲ್ಕರಲ್ಲಿ ಒಂದು ಪಾಲು ಮರಿಗೆ ರೋಗ ಬರೋ ಸಾಧ್ಯತೆ, ಚರ್ಮ ಹರಿದುಹೋಗಿ ಅಂಥ ಮರಿ ಉಳಿಯೋದಿಲ್ಲ. ಬರೀ ಸವಾರಿಗೆ ಆದ್ರೆ ಒಂದೇ ಕಡೆಯಿಂದ ಬಂದ ಜೀನ್‌ನಿಂದ ತೊಂದ್ರೆ ಇಲ್ಲ.

ಕುದುರೇನ ಕಣ್ಣಾರೆ ನೋಡದೆ ಕೂಗ್ಬೇಡಿ. ಅಡಿಕೆ ಟೆಂಡರಿಗೆ ಮುಂಚೆ ವ್ಯಾಪಾರಿ ಮೂಟೆ ಒಳಗೆ ಕೈ ಹಾಕಿ ಅಡಿ ಮಾಲು ತೆಗೆದು ನೋಡ್ತಾರಲ್ಲ, ಹಂಗೆ. ಹರಾಜಿನ ರಾತ್ರಿ ಲೈಟು, ಮ್ಯೂಸಿಕ್ಕು, ಚಪ್ಪಾಳೆ ನಡುವೆ ಎಲ್ಲಾ ಕುದುರೆನೂ ಟ್ರಾಟಲ್ಲಿ (ನಡಿಗೆಗಿಂತ ಜೋರಾದ ದುಡುಕು ಓಟ) ಹಾರಾಡತ್ತೆ. ಅದಕ್ಕೆ ಮುಂಚಿನ ಟ್ರೈಯಲ್ ದಿನಗಳಲ್ಲಿ ಹೋಗಿ, ಮಗಳನ್ನೇ ಹತ್ತಿಸಿ, ನಡಿಗೆ ಮತ್ತು ಕ್ಯಾಂಟರ್ (ಟ್ರಾಟಿಗಿಂತ ಜೋರಾದ ನೆಗೆತದ ಓಟ) ನೋಡಿ. ಟ್ರಾಟ್ ತರಬೇತೀಲಿ ಸುಧಾರಿಸತ್ತೆ, ನಡಿಗೆ ಹುಟ್ಟಿಂದ ಬಂದಿದ್ದು, ತಿದ್ದೋದು ಬಹಳ ಕಷ್ಟ. ಲಾಯದಲ್ಲಿ ಸುಮ್ನೆ ನಿಂತಾಗ ಅದರ ಸ್ವಭಾವ ಹೇಗಿದೆ ಅಂತಾನೂ ನೋಡಿ.

ಇನ್ನು ದುಡ್ಡು. ಸುತ್ತಿಗೆ ಬಿದ್ದ ರೇಟೇ ಕೊನೆಯಲ್ಲ, ಅದರ ಮೇಲೆ ಕಮಿಷನ್, ತೆರಿಗೆ (ಜರ್ಮನಿಲಿ ವ್ಯಾಟ್ ಶೇ 19), ಇನ್ಶೂರೆನ್ಸ್, ಸಾಗಾಟ ಎಲ್ಲಾ ಸೇರತ್ತೆ. ಕುದುರೆ ಯುರೋಪ್ ಬಿಟ್ಟು ಬಂದ್ರೆ ವ್ಯಾಟ್ ಲೆಕ್ಕ ಬೇರೆ, ಮುಂಚೆನೇ ಕೇಳ್ಕೊಳ್ಳಿ. ಈ ಖರ್ಚೆಲ್ಲಾ ಕೂಡಿಸಿ, ಕೈಯಲ್ಲಿರೋ ದುಡ್ಡಿಂದ ಕಳೆದು, ನಿಮ್ಮ ಕೊನೇ ಕೂಗು ಎಷ್ಟು ಅಂತ ಚೀಟೀಲಿ ಬರ್ಕೊಂಡು ಕೂತ್ಕೊಳ್ಳಿ.

ಕೊನೇದಾಗಿ ಕುದುರೆ ಎಲ್ಲಿರತ್ತೆ? ಭಾರತಕ್ಕೆ ತರೋಕೆ ಪಶುಸಂಗೋಪನಾ ಇಲಾಖೆ ಪರ್ಮಿಟ್, ಕ್ವಾರಂಟೈನ್, ಕಸ್ಟಮ್ಸ್ ಎಲ್ಲಾ ಇದೆ, ರೋಗದ ನಿಯಮಗಳಿಂದ ವಾಪಸ್ ಯುರೋಪಿಗೆ ಸ್ಪರ್ಧೆಗೆ ಕಳಿಸೋದು ಇನ್ನೂ ಕಷ್ಟ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಡ್ರೆಸ್ಸಾಜ್ ಚಿನ್ನ ಗೆದ್ದ ನಮ್ಮ ಟೀಮ್ ಯುರೋಪಲ್ಲೇ ಇದ್ದು ತಯಾರಾಗಿದ್ದು. ಊರಿನ ತೋಟದ ಮನೆಗೆ ತರ್ತೀವಿ ಅಂದ್ರೆ ಮಾತ್ರ ನಾನು ಕೈ ಮುಗಿದು ಬೇಡ ಅಂತೀನಿ. ವಿಜಯನಗರ ಕಾಲದಲ್ಲಿ ಅರಬ್ ಕುದುರೆ ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ಹೋಗ್ತಿದ್ದಿದ್ದು ನಿಜ, ಆದ್ರೆ ರಾಜಧಾನಿ ಲಾಯ ಇದ್ದದ್ದು ಒಣ ಬಯಲುಸೀಮೇಲಿ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ನೆಲ ಒಣಗಲ್ಲ, ಗೊರಸಿನ ಅಡಿ ಕೊಳೆಯತ್ತೆ, ಮೈಮೇಲೆ ಚರ್ಮರೋಗ, ಉಣುಗಿನಿಂದ ರಕ್ತದ ಕಾಯಿಲೆ, ಬರೀ ಭತ್ತದ ಹುಲ್ಲಲ್ಲಿ ಇಂಥ ಕುದುರೆ ಸಾಕೋಕಾಗಲ್ಲ. ಬೆಂಗಳೂರಲ್ಲೋ ಯುರೋಪಲ್ಲೋ ಒಳ್ಳೆ ಲಾಯ, ಲಾಳ ಕಟ್ಟೋರು, ಟ್ರೈನರ್ ಮೂರೂ ಗೊತ್ತು ಮಾಡ್ಕೊಳ್ಳಿ, ಅದು ಹೊಂದಿಲ್ಲ ಅಂದ್ರೆ ಆ ಸಲ ಹರಾಜಿಗೆ ಹೆಸರು ಕೊಡ್ಬೇಡಿ.