ಕುಕ್ಕರಗಾಲಲ್ಲಿ ಕೂತಾಗ ಕಂಡ ಹೂಗಳು

ತುಂಬೆ ಹೂವಿನ ಒಂದು ಒಳ್ಳೆಯ ಫೋಟೋ ತೆಗೆಯಲು ನನಗೆ ಎರಡು ಮಳೆಗಾಲ ಹಿಡಿಯಿತು.

ಅಜ್ಜಿ ಮನೆ ಸಕಲೇಶಪುರದ ಹತ್ತಿರ. ತೋಟದ ಬೇಲಿ ಪಕ್ಕ, ಗದ್ದೆ ಬದುವಿನ ಮೇಲೆ, ಎಲ್ಲಿ ನೋಡಿದರೂ ತುಂಬೆ. ಶಾಲೆಯಿಂದ ಬರುವಾಗ ಒಂದೊಂದೇ ಹೂ ಕಿತ್ತು ಬುಡ ಚೀಪುತ್ತಿದ್ದೆವು. ನಾಲಿಗೆಗೆ ತಾಗಿತೋ ಇಲ್ಲವೋ ಅನ್ನುವಷ್ಟು ಸಿಹಿ. ಈಗ ಹಾಸನದಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ಆ ಹೂಗಳನ್ನು ಮೊಬೈಲಲ್ಲಿ ಹಿಡಿಯಲು ಶುರು ಮಾಡಿದೆ.

ಮೊದಲ ವರ್ಷ ಎಲ್ಲವನ್ನೂ ನಿಂತೇ ತೆಗೆದೆ. ಹುಲ್ಲಿನ ಮಧ್ಯೆ ಬಿಳಿ ಚುಕ್ಕಿ, ಅಷ್ಟೇ. ನೋಡಿದರೆ ಏನೂ ನೆನಪಾಗುತ್ತಿರಲಿಲ್ಲ. ಒಂದು ದಿನ ತಂಗಿಯ ಮಗಳು ಬೇಲಿ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಮಾಮ, ಇದರೊಳಗೆ ಇರುವೆ ಹೋಯ್ತು" ಅಂದಳು. ಹೂ ಅವಳ ಮೂಗಿನ ಎದುರಿಗೇ ಇತ್ತು. ನಾವೂ ಈ ಹೂಗಳನ್ನು ನೋಡಿದ್ದು ಅಲ್ಲಿಂದಲೇ ಅಲ್ವಾ!

ಅವತ್ತಿನಿಂದ ಬೈಕಿನಲ್ಲಿ ಒಂದು ಖಾಲಿ ಗೊಬ್ಬರದ ಚೀಲ ಇಟ್ಟುಕೊಂಡಿದ್ದೇನೆ. ಒದ್ದೆ ನೆಲದ ಮೇಲೆ ಹಾಸಿ ಬೋರಲು ಮಲಗುತ್ತೇನೆ. ರಕ್ತ ಹೀರುವ ಇಂಬಳ (ಜಿಗಣೆ) ಹತ್ತದಂತೆ ಕಾಲಿಗೆ ಹೊಗೆಸೊಪ್ಪು, ಸುಣ್ಣ ಉಜ್ಜಿಕೊಳ್ಳುತ್ತೇನೆ. ಮೋಡ ಇರುವ ಬೆಳಿಗ್ಗೆಯೇ ಒಳ್ಳೆಯದು. ಬಿಸಿಲು ಬಿದ್ದರೆ ತುಂಬೆಯ ಬಿಳಿ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಎಸಳಿನ ಗೆರೆ ಎಲ್ಲ ಮಾಯ. ಹಾಗಾಗಿ ಪರದೆ ಮೇಲೆ ಹೂವನ್ನು ಮುಟ್ಟಿ, ಬೆಳಕು ಸ್ವಲ್ಪ ಇಳಿಸುತ್ತೇನೆ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಮ್ಯಾಕ್ರೋ ಲೆನ್ಸ್ ಇದೆ. ಅದಕ್ಕೆ ಹೂ ತೀರಾ ಹತ್ತಿರ ಬೇಕು. ಎಲೆ ಅಲ್ಲಾಡಿದರೂ ಚಿತ್ರ ಮಸುಕು. ಗಾಳಿ ನಿಲ್ಲುವವರೆಗೆ ಕಾಯುವುದೇ ಜಾಸ್ತಿ. ಅಕ್ಕಪಕ್ಕದ ಹುಲ್ಲು ಮಾತ್ರ ಕೀಳುವುದಿಲ್ಲ. ಆ ಹುಲ್ಲಿನ ಜೊತೆಗೇ ಅಲ್ವಾ ಹೂ ನೆನಪಿರುವುದು.

ನನಗೆ ಎಲ್ಲಕ್ಕಿಂತ ಇಷ್ಟದ್ದು ಗೌರಿ ಹೂ. ಹಬ್ಬದ ಹೊತ್ತಿಗೆ ಬೇಲಿ ಮೇಲೆ ಹಬ್ಬಿರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಒಂದೇ ಹೂವನ್ನು ಐದು ದಿನ ದಿನಾ ಬೆಳಿಗ್ಗೆ ತೆಗೆದೆ. ಮೊದಲು ಹಸಿರು ಮಿಶ್ರಿತ ಹಳದಿ, ಕೆಳಮುಖ. ಆಮೇಲೆ ಆರೂ ಎಸಳು ಹಿಂದಕ್ಕೆ ಬಾಗಿ ಮೇಲೆದ್ದವು. ತುದಿಯಿಂದ ಕೆಂಪು ಇಳಿಯುತ್ತಾ ಬಂತು. ಕೊನೆಗೆ ಹಳದಿ ಅನ್ನುವುದು ಬುಡದಲ್ಲಿ, ಎಸಳಿನ ಅಂಚಿನಲ್ಲಿ ಒಂದು ಗೆರೆ ಮಾತ್ರ ಉಳಿಯಿತು. ಫೋಟೋ ತೋರಿಸಿದಾಗ ಅಮ್ಮ ಮೊದಲು ಹೇಳಿದ್ದು, "ಗೆಡ್ಡೆ ಮುಟ್ಟಬೇಡ ಕಣೋ, ವಿಷ." ಚಿಕ್ಕಂದಿನಲ್ಲೂ ಇದೇ ಮಾತು, ಇದೇ ದನಿ. ಸ್ವಲ್ಪ ಹೊತ್ತು ಮೊಬೈಲ್ ವಾಪಸ್ ಕೊಡಲಿಲ್ಲ. ಒಂದೊಂದೇ ಚಿತ್ರ ಸರಿಸಿ ನೋಡುತ್ತಾ ಕೂತರು.

2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ನೀಲಕುರಿಂಜಿ ಅರಳಿದಾಗ ನಾನೂ ಚಿಕ್ಕಮಗಳೂರಿಗೆ ಹೋಗಿದ್ದೆ. ಗುಡ್ಡವೇ ನೀಲಿ. ಚಂದ ಇತ್ತು, ನಿಜ. ಆದರೆ ಕೆಲವರು ಗೊಂಚಲು ಕಿತ್ತು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನೋಡಿ ಹೊಟ್ಟೆ ಉರಿಯಿತು.

ಮಲಗಿದರೆ ಸಿಗದ ಹೂವೂ ಒಂದಿದೆ. ಹಿತ್ತಲ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಇದೆ. ಮುಂಗಾರಿನ ಹೊತ್ತಿಗೆ ಅದರ ಗೊಂಚಲು ನರಿಯ ಬಾಲದ ಹಾಗೆ ಜೋತು ಬೀಳುತ್ತದೆ. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ. ಚಿಕ್ಕವನಿದ್ದಾಗ ಸೋದರಮಾವ ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಹೋದ ವರ್ಷ ಕಾಳುಮೆಣಸು ಕುಯ್ಯುವ ಏಣಿ ಹಾಕಿ ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತವರು ಅವರೇ.